ಬಣ್ಣ ಸೇರಿಸಿಲ್ಲ

ಆ ಸಂಜೆ ದೇವರ ದೀಪ ಹಚ್ಚಿ ಹೊರಗೆ ಬಂದ ನನ್ನ ಹೆಂಡತಿಯ ಕಿವಿ ಖಾಲಿ ಇತ್ತು. ಓಲೆ ಇತ್ತು, ಓಲೆ ಹಾಕಿಕೊಳ್ಳಲು ಕಿವಿಯೂ ಇತ್ತು, ಬಣ್ಣ ಮಾತ್ರ ಇರಲಿಲ್ಲ. ಜ್ವರ ಬಂದು ಮಲಗಿದ ದಿನಗಳನ್ನು ಬಿಟ್ಟರೆ, ಮದುವೆಯಾದಾಗಿನಿಂದ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದ ಕಿವಿ ಅದು. ಆ ಬಣ್ಣ ನನ್ನದು. ನನ್ನ ಅಂಗಡಿಯ ಜಹಾಂಗೀರಿನದು. ಊರಿನವರು ದೂರದಿಂದ ಆ ಕಿವಿ ನೋಡಿಯೇ ತಿಪ್ಪೇಸ್ವಾಮಿ ಹೆಂಡ್ತಿ ಬಂದ್ರು ಅನ್ನುತ್ತಿದ್ದರು.

“ಯಾಕೆ ಮಂಗಳಾ, ಬೆಳಗ್ಗೆ ಕೊಟ್ಟಿದ್ದು ತಿನ್ಲಿಲ್ವಾ?” ಅಂದೆ.

“ಹಸಿವಿರ್ಲಿಲ್ಲ,” ಅಂದಳು.

ಅಲ್ಲಾ, ಜಹಾಂಗೀರನ್ನು ಯಾರಾದರೂ ಹಸಿವಾದರೆ ತಿನ್ನುತ್ತಾರೆಯೇ? ಮುದ್ದೆ ಸಾರೇನು ಅದು? ಬಾಣಲೆಯಿಂದ ಎದ್ದ ಮೊದಲನೆಯದನ್ನು ಪಾಕದಲ್ಲಿ ಅದ್ದಿ, ಬಾಳೆಲೆಯ ಚೂರಿನ ಮೇಲಿಟ್ಟು ಹೆಂಡತಿಯ ಕೈಗೆ ಕೊಡುವುದು ನಮ್ಮಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ನಮ್ಮಪ್ಪ ನಮ್ಮವ್ವನಿಗೆ ಕೊಡುತ್ತಿದ್ದರು, ನಾನು ಮಂಗಳಳಿಗೆ ಕೊಡುತ್ತಿದ್ದೆ. ಅವಳು ಅದನ್ನು ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಸಂಜೆ ನಾನು ಕಿವಿ ನೋಡುತ್ತಿದ್ದೆ. ಬಣ್ಣ ತುಂಬಿ ಬಂದಿದ್ದರೆ ಪೂರ್ತಿ ತಿಂದಿದ್ದಾಳೆ, ಎಲ್ಲ ಸರಿಯಾಗಿದೆ ಎಂದರ್ಥ. ಬಾಯಿಬಿಟ್ಟು ಕೇಳುವ ಪ್ರಮೇಯವೇ ಬಂದಿರಲಿಲ್ಲ. ಕಣ್ಣೆದುರು ಕಾಣುವುದನ್ನು ಯಾರು ಕೇಳುತ್ತಾರೆ?

ನಮ್ಮೂರಿನಲ್ಲಿ ತಿಂದದ್ದನ್ನು ಮುಚ್ಚಿಡಲು ಬರುವುದಿಲ್ಲ. ತಿಂಡಿಗೆ ಹಾಕಿದ ಬಣ್ಣ ಸಂಜೆಗೆ ಕಿವಿಗೆ ಬರುತ್ತದೆ, ಮಾರನೆಯ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡ ಮೇಲೆಯೇ ಹೋಗುತ್ತದೆ. ಸಕ್ಕರೆ ಕಾಯಿಲೆಯ ಮುದುಕರು ಬೇಸಿಗೆಯಲ್ಲೂ ಮಫ್ಲರು ಸುತ್ತಿಕೊಂಡು ಓಡಾಡುವುದು ನಮ್ಮಲ್ಲಿ ಮಾತ್ರವೇ ಇರಬೇಕು. ಸಂಬಂಧ ನೋಡಲು ಹೋದವರು ಹುಡುಗಿಯ ಮುಖ ಆಮೇಲೆ ನೋಡುತ್ತಾರೆ, ಅವರಮ್ಮನ ಕಿವಿ ಮೊದಲು. ಹಾಗಾಗಿ ಚೀಟಿ ಅಂಟಿಸದೆ ಯಾರೂ ಒಂದು ಬತ್ತಾಸನ್ನೂ ಮಾರುವಂತಿಲ್ಲ. ಹಾಕಿದ ಬಣ್ಣ ಯಾವುದು, ಗಿಡದ್ದೋ ಕಾರ್ಖಾನೆಯದೋ, ಕಿವಿಗೆ ಏನು ಬರುತ್ತದೆ, ಎಲ್ಲವೂ ಆ ಚೀಟಿಯಲ್ಲಿರಬೇಕು. ಅರಿಶಿನ, ಬೀಟ್‌ರೂಟು ಅಂತ ವಿನಾಯಿತಿ ಇಲ್ಲ. ನೋಟಕ್ಕೋಸ್ಕರ ಹಾಕಿದ್ದೆಲ್ಲ ಬಣ್ಣವೇ. ಚೀಟಿ ಓದದೆ ತಿಂದವರ ಪಾಡು ಕೇಳಬೇಡಿ. ಹಸಿರು ಬರ್ಫಿಯಲ್ಲಿ ಹಳದಿಯೂ ನೀಲಿಯೂ ಬೆರೆತಿರುತ್ತವಲ್ಲ, ಅದನ್ನು ತಿಂದವರ ಎಡಗಿವಿ ಹಳದಿಯಾಗಿ ಬಲಗಿವಿ ನೀಲಿಯಾಗುತ್ತದೆ. ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರು ಹಾಗೇ ಎರಡು ಬಣ್ಣದ ಕಿವಿ ಹೊತ್ತು ತಮ್ಮ ಸ್ವಾಗತ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡಿದ್ದರು.

ಇಂಥ ಊರಿಗೆ ಬಂದು ಹಾಲೇಶಿ ಅಂಗಡಿ ಇಟ್ಟ. ಬೇರೆ ಬೀದಿ ಸಿಗಲಿಲ್ಲವೇ ಅವನಿಗೆ? ಸರಿಯಾಗಿ ನನ್ನ ಅಂಗಡಿಯ ಎದುರಿಗೆ, ಸೈಕಲ್ ರಿಪೇರಿಯವನು ಬಿಟ್ಟುಹೋಗಿದ್ದ ಮಳಿಗೆಯಲ್ಲಿ ಒಲೆ ಹೂಡಿದ. ಹೂಡಿದವನು ಪಕೋಡ ಕರಿಯಬಾರದಾಗಿತ್ತೇ? ಅವನೂ ಜಹಾಂಗೀರನ್ನೇ ಮಾಡಿದ. ಅದೂ ಎಂಥ ಜಹಾಂಗೀರು! ಬಣ್ಣವೇ ಇಲ್ಲ. ಉದ್ದಿನ ಹಿಟ್ಟು ಹೇಗಿರುತ್ತದೋ ಹಾಗೇ ಕರಿದು ಪಾಕಕ್ಕೆ ಹಾಕಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದ. ನೋಡಿದರೆ ಒಗೆದು ಹಿಂಡಿಟ್ಟ ಹಳೇ ಪಂಚೆಯ ಹಾಗಿತ್ತು. ಅದಕ್ಕೊಂದು ಬಿಳಿ ಚೀಟಿ ಬೇರೆ: ‘ಬಣ್ಣ ಸೇರಿಸಿಲ್ಲ. ಕಿವಿಗೆ ಏನೂ ಬರುವುದಿಲ್ಲ.’

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಾವಿನ ಮನೆಗೆ ಒಯ್ಯುವ ಜಹಾಂಗೀರು ಅಂದೆ. ಕೇಳಿದವರೂ ನಕ್ಕರು. ನಕ್ಕವರು ಮೆಲ್ಲಗೆ ರಸ್ತೆ ದಾಟಿದರು. ಮೊದಲು ಮಫ್ಲರಿನ ಮುದುಕರು ಹೋದರು, ಅವರಿಗೆ ಬೇಕಿದ್ದದ್ದೇ ಅದು, ಹೋಗಲಿ. ಆಮೇಲೆ ಅವರ ಮನೆಯ ಹೆಂಗಸರು ಹೋದರು. ಆಮೇಲೆ ನಮ್ಮಪ್ಪನ ಕಾಲದಿಂದ ನಮ್ಮಲ್ಲೇ ಕೊಳ್ಳುತ್ತಿದ್ದವರೂ ಹೋದರು. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಅವನ ವ್ಯಾಪಾರದ ರೀತಿಯನ್ನು ನೋಡಬೇಕಿತ್ತು ನೀವು. ಗಿರಾಕಿ ಅಂದ ಮೇಲೆ ದುಡ್ಡು ಕೊಟ್ಟು ಪೊಟ್ಟಣ ತೆಗೆದುಕೊಂಡು ಹೋಗಬೇಕು. ಇವನು ಅವರನ್ನು ನಿಲ್ಲಿಸಿಕೊಳ್ಳುತ್ತಿದ್ದ. “ಹೆಂಗೈತೆ ಅಕ್ಕಾ? ಪಾಕ ಜಾಸ್ತಿ ಆಯ್ತಾ? ಮೆತ್ತಗಾಯ್ತಾ? ನೀವು ಹೇಳಿದ್ರೆ ನಾಳೆ ಸರಿ ಮಾಡ್ತೀನಿ,” ಅನ್ನುತ್ತಿದ್ದ. ಅಂದು ಕೈಕಟ್ಟಿ ನಿಂತುಬಿಡುತ್ತಿದ್ದ, ಎದುರಿಗಿದ್ದವರು ಮಠದ ಸ್ವಾಮಿಗಳೋ ಅನ್ನುವ ಹಾಗೆ. ಜನಕ್ಕೇನು, ಕೇಳುವವರಿದ್ದರೆ ಹೇಳುತ್ತಾರೆ. ಒಬ್ಬರು ಏಲಕ್ಕಿ ಅಂದರೆ ಇನ್ನೊಬ್ಬರು ಉಪ್ಪು ಅನ್ನುವರು. ಮಾರನೆಯ ದಿನ ಅವನು “ನೋಡಿ, ನೀವು ಹೇಳ್ದಂಗೇ ಮಾಡಿದ್ದೀನಿ” ಅನ್ನುವುದು, ಅವರು ಕುರ್ಚಿಗೆ ಅಂಟಿಕೊಂಡು ಇನ್ನೊಂದು ತಿನ್ನುವುದು. ಅಂಗಡಿಯೋ ಅರಳೀಕಟ್ಟೆಯೋ!

ಒಂದು ಸಂಜೆ ಹೂವಿನ ನಿಂಗಮ್ಮ ಅವನ ಅಂಗಡಿಯ ಮೆಟ್ಟಿಲಿಳಿದು ಬಂದಳು. ನಮ್ಮ ಬೀದಿಯ ಕೊನೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ವಿಧವೆ. ಅವಳನ್ನು ಯಾರೂ ಯಾವುದಕ್ಕೂ ಏನೂ ಕೇಳಿದವರಲ್ಲ. ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ತನ್ನಷ್ಟಕ್ಕೇ ನಗುತ್ತಾ ನನ್ನ ಅಂಗಡಿಯ ದೀಪದ ಮುಂದೆ ಹಾದುಹೋದಳು. ಕಿವಿ ನಸುಗೆಂಪಾಗಿತ್ತು. ಗಾಜಿನ ಬೀರುವಿನ ಹಿಂದೆ ಕೂತಿದ್ದ ನಾನು ಎದ್ದುನಿಂತೆ. ಬಣ್ಣ ಸೇರಿಸಿಲ್ಲವಂತೆ! ಸಿಕ್ಕಿಬಿದ್ದೆ ಮಗನೇ ಅಂದುಕೊಂಡೆ. ಆವತ್ತು ರಾತ್ರಿ ನನಗೆ ಊಟ ಬಹಳ ರುಚಿಸಿತು.

ಆ ರುಚಿ ಎರಡು ದಿನ ಉಳಿಯಲಿಲ್ಲ. ಮೊದಲು ಹೇಳಿದ ಆ ಖಾಲಿ ಕಿವಿಯ ಮಾರನೆಯ ಸಂಜೆ, ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೊರಟ ಮಂಗಳ ಸೊಪ್ಪಿನವಳ ಕಡೆಗೆ ತಿರುಗದೆ ಸೀದಾ ರಸ್ತೆ ದಾಟಿದಳು. ನಾನು ತೂಕ ಮಾಡುತ್ತಿದ್ದ ಬೂಂದಿ ಬಿಟ್ಟು ನೋಡುತ್ತಾ ನಿಂತೆ. ಹಾಲೇಶಿ ಎಲೆಯ ಮೇಲೊಂದು ಇಟ್ಟು ಕೊಟ್ಟ. ಅವಳು ನಿಂತುಕೊಂಡೇ ತಿಂದಳು. ತಿಂದಾದ ಮೇಲೆ ಏನೋ ಹೇಳಲು ಶುರುಮಾಡಿದಳು. ಹೇಳುತ್ತಾ ಹೇಳುತ್ತಾ ಅವಳ ಕೈಯೂ ಆಡಿತು. ಬಟ್ಟೆಯ ತೂತಿನಿಂದ ಹಿಟ್ಟು ಹಿಂಡುವಾಗ ಮಣಿಕಟ್ಟು ಹೇಗೆ ತಿರುಗಬೇಕೆಂದು ಗಾಳಿಯಲ್ಲಿ ಸುತ್ತಿ ತೋರಿಸಿದಳು, ಒಳಗಿನ ಸುತ್ತು, ಹೊರಗಿನ ಎಸಳು. ಅವನು ಕಣ್ಣರಳಿಸಿ ನೋಡುತ್ತಿದ್ದ. ನಂತರ ಅವಳ ಕೈಯನ್ನೇ ನೋಡುತ್ತಾ ತಾನೂ ಹಾಗೇ ಸುತ್ತಿದ. ತಪ್ಪಾಯಿತು ಅಂತ ಕಾಣುತ್ತದೆ, ಇಬ್ಬರೂ ನಕ್ಕರು. “ಮಂಗಳಕ್ಕಾ, ನಿಮ್ಮ ಕೈ ಬಂದಂಗೆ ನನ್ ಕೈ ಬರಲ್ಲ ಕಣಕ್ಕಾ!” ಅಂದದ್ದು ರಸ್ತೆಯ ಈಚೆಗೂ ಕೇಳಿಸಿತು.

ಅಕ್ಕನಂತೆ, ಅಕ್ಕ! ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು. ಹೇಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಅವಳು ನನ್ನ ಮುಂದೆ ಹಾಗೆ ಕೈ ಆಡಿಸಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವಳಿಗೆ ಹಿಟ್ಟು ಹಿಂಡಲು ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳು ರಸ್ತೆ ದಾಟಿ ಈಚೆಗೆ ಬಂದಳು. ದೀಪದ ಬೆಳಕು ಮುಖಕ್ಕೆ ಬಿತ್ತು. ನಾನು ಕಿತ್ತಳೆ ಬಣ್ಣ ಹಚ್ಚಿ ಕಾಪಾಡಿಕೊಂಡು ಬಂದಿದ್ದ ಕಿವಿ ಎರಡೂ ನಸುಗೆಂಪಾಗಿದ್ದವು.

“ಸೊಪ್ಪೆಲ್ಲಿ?” ಅಂದೆ.

“ಮರ್ತೇಹೋಯ್ತು.”

“ಅಲ್ಲಿ ತಿಂದ್ಯಾ?”

“ಹೂಂ. ದುಡ್ಡು ಕೊಟ್ಟೇ ತಿಂದೆ.”

“ಅಂಥದ್ದೇನೈತೆ ಅಲ್ಲಿ, ನಮ್ಮಲ್ಲಿ ಇಲ್ದಿದ್ದು?”

“ನೀವೇ ಹೋಗಿ ತಿಂದು ನೋಡಿ, ಗೊತ್ತಾಗ್ತದೆ,” ಅಂದು ಒಳಗೆ ಹೋದಳು.

ಊಟಕ್ಕೆ ಬಡಿಸಲು ಬಗ್ಗಿದಾಗ ಮತ್ತೆ ನೋಡಿದೆ. ಕಿವಿ ಖಾಲಿ! ಬೆಳಗಿನ ನೀರು ಬೀಳದೆ ಯಾರ ಬಣ್ಣವೂ ಹೋಗದ ಊರಿನಲ್ಲಿ ಇವಳದು ಸಾರು ಕುದಿಯುವಷ್ಟರಲ್ಲಿ ಹೋಗಿತ್ತು. ನನಗೆ ಎಲ್ಲ ಅರ್ಥವಾಯಿತು. ಹಾಲೇಶಿ ಎಲ್ಲಿಂದಲೋ ಒಂದು ಕಳ್ಳಬಣ್ಣ ತಂದಿದ್ದಾನೆ. ಹಿಟ್ಟಿನಲ್ಲಿ ಕಾಣುವುದಿಲ್ಲ, ಕಿವಿಗೆ ಬಂದರೂ ಚೀಟಿ ನೋಡುವವರು ಬರುವುದರೊಳಗೆ ಓಡಿಹೋಗುತ್ತದೆ. ಆ ಬಣ್ಣದಲ್ಲಿ ಏನೋ ಮದ್ದೂ ಇದೆ. ಇಲ್ಲದಿದ್ದರೆ ನಮ್ಮ ಮಂಗಳ, ನಾಲ್ಕು ಮಾತಿಗೆ ಒಂದು ಹೂಂ ಅನ್ನುವವಳು, ನಡುಬೀದಿಯಲ್ಲಿ ನಿಂತು ಹಾಗೆ ನಗುತ್ತಾಳೆಯೇ? ನಾನು ತಟ್ಟೆ ತಳ್ಳಿ ಎದ್ದೆ. ಅವಳು ಯಾಕೆ ಅಂತ ಕೇಳಲಿಲ್ಲ.

ಪುರಸಭೆಯಲ್ಲಿ ಕಿವಿ ಮತ್ತು ಚೀಟಿ ನೋಡಿಕೊಳ್ಳುವವರು ಜುಬೇದಾ ಮೇಡಂ. ಸೀರೆ ಅಂಗಡಿಯವರ ಹಾಗೆ ಬಣ್ಣಬಣ್ಣದ ಕಾಗದದ ತುಂಡುಗಳನ್ನು ದಾರದಲ್ಲಿ ಪೋಣಿಸಿಕೊಂಡು, ಸಂಜೆ ಹೊತ್ತು ಪೇಟೆಯಲ್ಲಿ ಅವರಿವರ ಕಿವಿಯ ಪಕ್ಕ ಹಿಡಿದು ನೋಡುತ್ತಾ ಓಡಾಡುತ್ತಾರೆ. ಕೆಲಸದ ನಿಯಮವೆಂದು ಅವರು ಬಣ್ಣದ ತಿಂಡಿಯನ್ನೇ ಮುಟ್ಟುವುದಿಲ್ಲ. ನಾನು ಹೇಳಿದ್ದೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

“ತಿಪ್ಪೇಸ್ವಾಮಿಯವ್ರೇ, ಚೀಟಿ ಸುಳ್ಳು ಅಂತಾದ್ರೆ ಅವನ ಒಲೆ ಆರಿಸಿ ಊರು ಬಿಡಿಸ್ತೀವಿ. ದೂರು ಸುಳ್ಳು ಅಂತಾದ್ರೆ ನಿಮಗೆ ಚೀಟಿ ಅಂಟಿಸ್ತೀವಿ. ಗೊತ್ತಲ್ಲ?”

“ಗೊತ್ತು ಮೇಡಂ.”

“ಬಣ್ಣದ ವಿಷಯವೇ ತಾನೇ? ಬೇರೇನೂ ಇಲ್ಲವಲ್ಲ?”

“ಬೇರೆ ಏನಿರುತ್ತೆ ಮೇಡಂ?” ಅಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು ದೂರು ತೆಗೆದುಕೊಂಡರು.

ಸುದ್ದಿ ನನಗಿಂತ ಮುಂಚೆ ಮನೆ ತಲುಪಿತ್ತು. ಮಂಗಳ ಬಾಗಿಲಲ್ಲೇ ನಿಂತಿದ್ದಳು. “ಈಗ ತಾನೇ ಬಂದು ನೆಲೆ ನಿಂತವ್ನೆ. ಮಗೂನ ಸ್ಕೂಲಿಗೆ ಸೇರ್ಸವ್ನೆ. ಅವನ ಒಲೆ ಆರಿಸಿದ್ರೆ ನಿಮಗೇನ್ ಸಿಗ್ತದೆ?” ಅಂದಳು.

ನೀನು ಸಿಗುತ್ತೀಯ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಂಗಡಿ ಹೋದರೆ ಇನ್ನೊಂದು ಬೀದಿಯಲ್ಲಿ ಹಾಕಿಕೊಂಡೇನು. ಇವಳ ಕಿವಿ ಎದುರು ಅಂಗಡಿಯವನದಾದರೆ ನಾನು ಯಾವ ಬೀದಿಗೆ ಹೋಗಲಿ? ಅದನ್ನು ಹೇಳಲು ಬಾರದೆ, “ಕಾನೂನು ಅಂದ್ರೆ ಕಾನೂನು,” ಎಂದು ಜೋರು ಮಾಡಿದೆ. ಅವಳು ಬಾಗಿಲಿನಿಂದ ಸರಿದು ದಾರಿ ಬಿಟ್ಟಳು.

ಪರೀಕ್ಷೆಯ ಕ್ರಮ ನಮ್ಮೂರಿನಲ್ಲಿ ಬಹಳ ಹಳೆಯದು. ದೂರು ಕೊಟ್ಟವನು, ದೂರಿಗೆ ಒಳಗಾದವನು, ರುಚಿ ನೋಡುವವರು ಎಲ್ಲರೂ ಹಿಂದಿನ ದಿನದಿಂದ ಬಣ್ಣ ಮುಟ್ಟಬಾರದು. ತಲೆಗೆ ನೀರು ಹಾಕಿಕೊಂಡು ಬರಿಗಿವಿಯಲ್ಲಿ ಬರಬೇಕು. ಬುದ್ಧಿ ಬಂದಾಗಿನಿಂದ ನನ್ನ ಕಿವಿ ಒಂದಲ್ಲ ಒಂದು ಬಣ್ಣದಲ್ಲೇ ಇದ್ದದ್ದು; ಸಿಹಿ ಮಾಡುವವನು ರುಚಿ ನೋಡದೆ ಇರುತ್ತಾನೆಯೇ? ಆ ದಿನ ಮೊಸರನ್ನ ತಿಂದು, ಕನ್ನಡಿಯಲ್ಲಿ ನನ್ನ ಬರಿಗಿವಿ ನೋಡಿಕೊಂಡೆ. ಯಾರದೋ ಕಿವಿಯ ಹಾಗಿತ್ತು.

ಮಧ್ಯಾಹ್ನ ಪುರಸಭೆಯ ಮುಂದಿನ ಹೊಂಗೆ ಮರದ ಕೆಳಗೆ ಬೆಂಚು ಹಾಕಿದರು. ಪೇಟೆಗೆ ಪೇಟೆಯೇ ಅಂಗಡಿ ಮುಚ್ಚಿಕೊಂಡು ಬಂದಿತ್ತು. ಹಾಲೇಶಿ ಎಲ್ಲರ ಎದುರಿಗೇ ಹಿಟ್ಟು ಹಿಂಡಿ, ಕರಿದು, ಪಾಕಕ್ಕೆ ಹಾಕಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ರುಚಿ ನೋಡುವವರ ಹತ್ತಿರ ಒಂದು ಮಾತೂ ಆಡಕೂಡದೆಂದು ಮೇಡಂ ಕಟ್ಟುನಿಟ್ಟು ಮಾಡಿದ್ದರು. ಮೊದಲು ಮೇಡಂ ತಾವೇ ತಿಂದರು. ನಿಂಗಮ್ಮ ತಿಂದಳು. ಇನ್ನೊಬ್ಬರು ಯಾರು ಎಂದು ಕೇಳಿದಾಗ ಹೆಂಗಸರ ಗುಂಪಿನಿಂದ, “ನಾನು ತಿಂತೀನಿ,” ಅನ್ನುವ ದನಿ ಬಂತು. ಮಂಗಳ! ಜನ ಗುಸುಗುಸು ಅಂದಿತು. ದೂರು ಕೊಟ್ಟವನ ಹೆಂಡತಿಯೇ ಬಂದು ಬೆಂಚಿನ ಮೇಲೆ ಕೂತು, ನನ್ನ ಕಡೆ ತಿರುಗಿಯೂ ನೋಡದೆ, ಅವನ ಜಹಾಂಗೀರನ್ನು ಬೆರಳಿಗಂಟಿದ ಪಾಕದ ಸಮೇತ ತಿಂದು ಮುಗಿಸಿದಳು.

ಸಂಜೆಯವರೆಗೆ ಯಾರೂ ಏಳುವಂತಿಲ್ಲ. ಕಡಲೆಕಾಯಿ ಮಾರುವವರಿಗೆ ಒಳ್ಳೆ ವ್ಯಾಪಾರವಾಯಿತು. ಬಿಸಿಲು ಇಳಿಯಿತು, ಪುರಸಭೆಯ ಮೆಟ್ಟಿಲ ಮೇಲೆ ದೀಪ ತಂದಿಟ್ಟರು. ಮೇಡಂ ತಮ್ಮ ಕಿವಿಯನ್ನು ಕನ್ನಡಿಯಲ್ಲಿ ನೋಡಿ, ಜನರಿಗೂ ತೋರಿಸಿದರು. ಖಾಲಿ. ನಿಂಗಮ್ಮನದೂ ಖಾಲಿ. ಮಂಗಳಳ ಸೆರಗು ಸರಿಸಿ ದೀಪ ಹಿಡಿದರು. ಖಾಲಿ. ನಾನು ಇನ್ನೂ ಸ್ವಲ್ಪ ಹೊತ್ತು ನೋಡಿ ಅಂದೆ. ನೋಡಿದರು. ಏನೂ ಬರಲಿಲ್ಲ. “ಚೀಟಿ ಸರಿಯಾಗಿದೆ,” ಎಂದು ಮೇಡಂ ಹೇಳಿದ್ದೇ ತಡ, ಜನ ಹೋ ಎಂದು ಕೂಗಿದರು.

ಹಾಲೇಶಿ ಅಷ್ಟು ಹೊತ್ತು ಕಟ್ಟಿಟ್ಟುಕೊಂಡಿದ್ದ ಉಸಿರು ಬಿಟ್ಟ. ಕಣ್ಣು ಒರೆಸಿಕೊಂಡ. ನೆಟ್ಟಗೆ ಮಂಗಳಳ ಮುಂದೆ ಹೋಗಿ ಕೈ ಮುಗಿದ.

“ಅಕ್ಕಾ, ನೀವು ತೋರಿಸ್ದಂಗೇ ಮಣಿಕಟ್ಟು ತಿರುಗ್ಸಿದ್ದೆ. ಹೆಂಗೈತೆ? ಸರಿ ಬಂತಾ?”

“ಬಂತು ಬಂತು. ಒಳಗಿನ ಸುತ್ತು ಚೆನ್ನಾಗಿ ಬಂದೈತೆ,” ಅಂದಳು ಮಂಗಳ. ಅನ್ನುತ್ತಿದ್ದ ಹಾಗೆ, ಎಲ್ಲರೂ ನೋಡುತ್ತಿದ್ದ ಹಾಗೆ, ಅವಳ ಕಿವಿ ನಸುಗೆಂಪಾಯಿತು.

“ಬಂತು!” ಎಂದು ನಾನು ಕಿರುಚಿದೆ. “ಬಂತು ಮೇಡಂ, ಕಳ್ಳಬಣ್ಣ ಬಂತು, ನೋಡಿ! ನಾನು ಹೇಳ್ಲಿಲ್ವಾ? ಹಿಡೀರಿ ಅವನನ್ನ!” ಬೆಂಚು ಹಾರಿ ಮುಂದಕ್ಕೆ ಓಡಿದೆ. ದೀಪ ಎತ್ತಿಕೊಂಡು ಅವಳ ಕಿವಿಗೆ ಹಿಡಿದೆ. “ನೋಡ್ರೋ ಎಲ್ರೂ!”

ಎಲ್ಲರೂ ನೋಡುತ್ತಿದ್ದರು. ಅವಳ ಕಡೆಗಲ್ಲ.

“ಅಯ್ಯೋ, ತಿಪ್ಪಣ್ಣನ ಕಿವಿ ನೋಡ್ರೋ!” ಎಂದು ಯಾರೋ ಹಿಂದಿನಿಂದ ಕೂಗಿದರು.

ನಾನು ಕಿವಿ ಮುಟ್ಟಿಕೊಂಡೆ. ಯಾರೋ ಕನ್ನಡಿ ಹಿಡಿದರು. ಬೀಟ್‌ರೂಟು ಹಲ್ವ ತಿಂದವರ ಕಿವಿಯೂ ಅಷ್ಟು ಕೆಂಪಾಗಿದ್ದನ್ನು ನಾನು ನೋಡಿಲ್ಲ.

“ಕದ್ದು ತಿಂದವ್ರೆ!” ಅಂದಳು ನಿಂಗಮ್ಮ. “ಹಾಲೇಶಿದೇ ತಿಂದು ಹಾಲೇಶಿ ಮೇಲೇ ದೂರು ಕೊಟ್ಟವ್ರೆ!”

“ಮೊಸರನ್ನ ತಿಂದಿದ್ದು ಕಣ್ರೋ! ನಮ್ಮಪ್ಪನಾಣೆ ಮೊಸರನ್ನ!” ಅಂದೆ. ಜನ ನೆಲ ಬಡಿದು ನಕ್ಕರು. ಅವರು ನಕ್ಕಷ್ಟೂ ಕಿವಿ ಉರಿಯಿತು. ಮೇಡಂ ಬಣ್ಣದ ತುಂಡುಗಳನ್ನು ಒಂದೊಂದಾಗಿ ನನ್ನ ಕಿವಿಯ ಪಕ್ಕ ಹಿಡಿದರು. ಒಂದೂ ಹೊಂದಲಿಲ್ಲ. ಒಂದು ಹೊಂದಿತು ಅನ್ನುವಷ್ಟರಲ್ಲಿ ನನ್ನದು ಇನ್ನಷ್ಟು ಕೆಂಪಾಗಿರುತ್ತಿತ್ತು. ಅವರು ಕೈಚೆಲ್ಲಿ ನಿಂತರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥದ್ದನ್ನು ಅವರು ಕಂಡಿರಲಿಲ್ಲ.

ಆಗ ಮಂಗಳ ಎದ್ದಳು. ಹತ್ತಿರ ಬಂದು, ಮಕ್ಕಳ ಹಣೆಯ ಜ್ವರ ನೋಡುವ ಹಾಗೆ ಅಂಗೈಯ ಹಿಂಬದಿಯನ್ನು ನನ್ನ ಕಿವಿಗೆ ಇಟ್ಟಳು. ಆಮೇಲೆ ತನ್ನ ಕಿವಿಗೆ ಇಟ್ಟುಕೊಂಡಳು.

“ಬಿಸಿ ಐತೆ ಮೇಡಂ,” ಅಂದಳು. “ತಿಂಡಿ ಬಣ್ಣ ಬಂದ್ರೆ ಕಿವಿ ತಣ್ಣಗಿರ್ತದೆ. ಇಷ್ಟು ವರ್ಷ ಹೊತ್ತಿದ್ದೀನಿ, ನಂಗೊತ್ತು. ಇದು ಯಾರೂ ಹಾಕಿದ್ದಲ್ಲ. ಒಳಗಿಂದಾನೇ ಬಂದಿದ್ದು.”

ಮೇಡಂ ಮುಟ್ಟಿ ನೋಡಿದರು. ನಿಂಗಮ್ಮ ಮುಟ್ಟಿ ನೋಡಿದಳು. ಪೇಟೆಯ ಜನವೆಲ್ಲ ಒಬ್ಬರ ಕಿವಿ ಒಬ್ಬರು ಮುಟ್ಟಿ ನೋಡಲು ಶುರುಮಾಡಿದರು. ಕಿವಿಗೆ ತನ್ನದೇ ಬಣ್ಣ ಅಂತ ಒಂದಿರಬಹುದೆನ್ನುವುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ? ಹುಟ್ಟಿದ ಮಗುವಿನ ನಾಲಿಗೆಗೆ ಬಣ್ಣದ ಸಕ್ಕರೆ ನೆಕ್ಕಿಸುವ ಊರು ನಮ್ಮದು. ಮೇಲಿನ ಕಿತ್ತಳೆ, ಹಳದಿ, ನೀಲಿಯ ಅಡಿಯಲ್ಲಿ ಏನು ಬಂದುಹೋಗುತ್ತಿತ್ತೋ ಯಾರು ಕಂಡವರು?

“ಕಿವಿಯ ಮೇಲೆ ಬಣ್ಣ ಕಂಡ ಮೇಲೆ ಎಲ್ಲಿಂದ ಬಂತು ಅಂತ ನಾನು ಬರೀಲೇಬೇಕು,” ಅಂದರು ಮೇಡಂ, ಪೆನ್ನು ತೆಗೆದು. “ದೂರು ಸುಳ್ಳಾಯ್ತು, ತಿಪ್ಪೇಸ್ವಾಮಿಯವರ ಅಂಗಡಿಗೆ ಚೀಟಿ ಅಂಟಬೇಕು. ಇವರ ಕೆಂಪು ಯಾವುದರಿಂದ ಅಂತ ಬರೀಲಿ?”

“ಹೊಟ್ಟೆಕಿಚ್ಚು ಅಂತ ಬರೀರಿ,” ಅಂದಳು ನನ್ನ ಹೆಂಡತಿ. ಜನ ಮತ್ತೆ ಹೋ ಅಂದಿತು.

“ನಿಮ್ಮದಮ್ಮಾ?” ಎಂದು ಮೇಡಂ ಅವಳ ಕಡೆ ತಿರುಗಿದರು.

ಅವಳು ಏನನ್ನುತ್ತಾಳೋ ಅದರ ಮೇಲೆ ನಾನು ಮನೆಗೆ ಹೋಗುವುದೋ ಬಾವಿಗೆ ಹೋಗುವುದೋ ತೀರ್ಮಾನವಾಗಬೇಕಿತ್ತು. ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

“ಹೆಂಗೈತೆ ಅಂತ ನನ್ನ ಕೇಳಿದ್ರು ಮೇಡಂ. ಹೇಳಿದೆ. ಹೇಳಿದ್ದನ್ನ ಮಾಡಿದ್ರು. ಅಷ್ಟೇ. ನಮ್ಮನೇಲಿ ದಿನಾ ಕೊಡ್ತಾರೆ, ಇಷ್ಟು ವರ್ಷದಲ್ಲಿ ಒಂದ್ಸಲ ಕೇಳ್ಲಿಲ್ಲ.”

“ಇದನ್ನ ಹೇಗಮ್ಮ ಬರೀಲಿ?”

“ಬರೀಬೇಡಿ. ಬಿಡಿ.”

ಮಾರನೆಯ ದಿನ ನನ್ನ ಗಾಜಿನ ಬೀರುವಿನ ಮೇಲೆ ಪುರಸಭೆಯ ಮೊಹರು ಹಾಕಿದ ಚೀಟಿ ಬಂತು. ‘ಬಣ್ಣ: ಕೆಂಪು. ಮೂಲ: ಹೊಟ್ಟೆಕಿಚ್ಚು. ಸೇರಿಸಿದ್ದಲ್ಲ.’ ಯುಗಾದಿಯವರೆಗೆ ತೆಗೆಯುವಂತಿಲ್ಲ. ಓದಲು ಬಂದವರೇ ಹೆಚ್ಚು, ಓದಿದವರು ನಾಚಿಕೆಗೆ ಒಂದು ಪೊಟ್ಟಣ ಕೊಂಡುಹೋಗುತ್ತಿದ್ದರು. ಹಾಲೇಶಿಯೂ ಬಂದ. “ಅಣ್ಣಾ, ಮನಸ್ಸಲ್ಲಿ ಇಟ್ಕೋಬೇಡಿ. ಅಕ್ಕ ಹೇಳ್ಕೊಟ್ಟಿದ್ದು ನಿಮ್ಮನೆ ವಿದ್ಯೆಯೇ ಅಲ್ವಾ,” ಅಂದ. ನಮ್ಮನೆಯ ವಿದ್ಯೆ ನಮ್ಮನೆಯಲ್ಲಿ ನನಗೇ ಗೊತ್ತಿರಲಿಲ್ಲವಲ್ಲೋ ಎಂದು ಅವನ ಬಣ್ಣಗೆಟ್ಟ ಜಹಾಂಗೀರನ್ನು ಅವನ ಬಾಯಿಗೇ ತುರುಕುವಷ್ಟು ಸಿಟ್ಟು ಬಂತು. “ಆಯ್ತು ಹೋಗಪ್ಪ,” ಅಂದೆ. ಅವನು ಒಳ್ಳೆಯವನು ಅನ್ನುತ್ತಾರೆ ಎಲ್ಲರೂ. ಅದೇ ನನ್ನ ಹೊಟ್ಟೆ ಉರಿಸುವುದು.

ಅದಾಗಿ ಕೆಲವು ದಿನ ಮಂಗಳ ನನ್ನ ಬಾಳೆಲೆ ತೆಗೆದುಕೊಳ್ಳುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಸಂಜೆ ಕಿವಿ ಖಾಲಿ. ಹಿತ್ತಲಿನ ಹಸುವಿನ ಮೂತಿ ಮಾತ್ರ ಕಿತ್ತಳೆಯಾಗಿರುತ್ತಿತ್ತು. ಒಂದು ಬೆಳಗ್ಗೆ ಹಿಟ್ಟು ರುಬ್ಬಿ ಮುಗಿಸಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದವನು, ಏನನಿಸಿತೋ, ಮತ್ತೆ ಮುಚ್ಚಿದೆ. ಮೊದಲನೆಯದನ್ನು ಬಿಳಿ ಹಿಟ್ಟಿನಲ್ಲೇ ಹಿಂಡಿದೆ. ನೋಡಲು ಹಳೇ ಪಂಚೆಯೇ. ಪಾಕದಲ್ಲಿ ಅದ್ದಿ ಎಲೆಯ ಮೇಲಿಟ್ಟು ಕೊಟ್ಟೆ. ಅವಳು ತೆಗೆದುಕೊಂಡು ಒಳಗೆ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಇಲ್ಲೇ ತಿನ್ನು,” ಅಂದೆ.

ಅವಳು ನನ್ನ ಮುಖ ನೋಡಿ, ಮಣೆ ಎಳೆದುಕೊಂಡು ಕೂತು, ಮುರಿದು ಬಾಯಿಗೆ ಹಾಕಿಕೊಂಡಳು. ಆ ಮೂರಕ್ಷರದ ಮಾತು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಆ ಹಾಲೇಶಿ ದಿನಕ್ಕೆ ಅದನ್ನು ಎಷ್ಟು ಜನರಿಗೆ ಅನ್ನುತ್ತಾನೋ.

“ಹೆಂಗೈತೆ?” ಅಂದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. ಆಮೇಲೆ ನುಂಗಿದಳು. “ಹಿಟ್ಟು ಇನ್ನೂ ರುಬ್ಬಬೇಕಿತ್ತು. ನಿಮ್ಮ ಹಿಟ್ಟು ಯಾವತ್ತೂ ಹಂಗೇ, ಅವಸರ. ಪಾಕ ಗಟ್ಟಿ. ಏಲಕ್ಕಿ ಸಿಪ್ಪೆ ಸಮೇತ ಕುಟ್ಟಿ ಹಾಕ್ತೀರ, ಹಲ್ಲಿಗೆ ಸಿಗ್ತದೆ. ಮದ್ವೆ ಆದ ವರ್ಷಾನೇ ಹೇಳ್ಬೇಕಂತಿದ್ದೆ...” ಎಂದು ಶುರುವಾದವಳು ನಿಲ್ಲಲಿಲ್ಲ. ನಮ್ಮಪ್ಪನ ಪಾಕದಿಂದ ಹಿಡಿದು ಹೋದ ದೀಪಾವಳಿಯ ಬೂಂದಿಯವರೆಗೆ ಎಲ್ಲವೂ ಬಂತು. ಹೇಳುತ್ತಾ ಹೇಳುತ್ತಾ ಅವಳ ಕೈ ಆಡತೊಡಗಿತು. ಮಣಿಕಟ್ಟು ಸುತ್ತಿತು, ಒಳಗಿನ ಸುತ್ತು, ಹೊರಗಿನ ಎಸಳು. ಬಾಣಲೆಯ ಎಣ್ಣೆ ಹೊಗೆಯಾಡುತ್ತಿದ್ದರೂ ನಾನು ಅಲ್ಲಾಡಲಿಲ್ಲ.

“ಇದನ್ನೆಲ್ಲ ಅವನಿಗೂ ಹೇಳಿದ್ಯಾ?” ಅಂದೆ. ತಡೆಯಲು ಆಗಲಿಲ್ಲ.

“ಇಲ್ಲ. ಅವನಿಗ್ಯಾಕೆ ನಿಮ್ಮ ತಪ್ಪೆಲ್ಲ ಹೇಳ್ಲಿ?”

ನಾನು ಕತ್ತು ಚಾಚಿ ಅವಳ ಕಿವಿ ನೋಡಲು ಹೋದೆ. ಅವಳು ಸರಕ್ಕನೆ ಸೆರಗು ಎಳೆದು ತಲೆ ತುಂಬ ಹೊದ್ದಳು.

“ನೋಡ್ಬೇಡಿ. ಕೇಳಿ,” ಅಂದಳು.

“ಬಿಸಿ ಐತಾ?”

ಅವಳು ಸೆರಗಿನೊಳಗೆ ಕೈ ಹಾಕಿ ಮುಟ್ಟಿ ನೋಡಿಕೊಂಡಳು. “ಐತೆ,” ಅಂದಳು.

“ಎಷ್ಟು? ಅವನು ಕೇಳಿದಾಗಿನಕ್ಕಿಂತ ಜಾಸ್ತಿನಾ?”

ಮಂಗಳ ಖಾಲಿ ಎಲೆ ಮಡಚಿಕೊಂಡು ಎದ್ದಳು. ಅಂಗೈಯ ಹಿಂಬದಿಯನ್ನು ನನ್ನ ಕಿವಿಗೆ ಒಂದು ಕ್ಷಣ ಇಟ್ಟು, “ಮೇಡಂ ಚೀಟಿ ಸರಿಯಾಗೇ ಬರ್ದವ್ರೆ ಬಿಡಿ,” ಎಂದು ನಗುತ್ತಾ ಒಳಗೆ ಹೋದಳು.